ಮನವಿ ಪತ್ರ: ವಾರ್ಡಿನ ನರ್ಸ್‌ಗಳ ಸಂಖ್ಯೆ, ಅರ್ಹತೆ ತಿಳಿಯುವುದು ರೋಗಿಯ ಹಕ್ಕಾಗಲಿ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ವಿಕಾಸಸೌಧ, ಬೆಂಗಳೂರು.

ವಿಷಯ: ಪ್ರತಿ ಪಾಳಿಯ ನೋಂದಾಯಿತ ನರ್ಸ್‌ಗಳ ವಿವರ ಪ್ರಕಟಿಸುವುದು ಹಾಗೂ ಸಂದೇಹ ಎತ್ತುವ ನರ್ಸ್‌ಗೆ ರಕ್ಷಣೆ ನೀಡುವುದರ ಕುರಿತು.

ಮಾನ್ಯರೇ,

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಕರ್ನಾಟಕದ ರೋಗಿಗಳಿಗೆ ಹಕ್ಕುಗಳ ಸನ್ನದು ದೊರೆಯಿತು. ಬಿಲ್ ಬಾಕಿಯಿದ್ದರೂ ಶವವನ್ನು ತಡೆಹಿಡಿಯುವಂತಿಲ್ಲ ಎಂಬ ನಿಯಮ ಬಂತು. ಈ ಹಕ್ಕುಗಳಿಗೆ ನಾವು ಕೃತಜ್ಞರು. ಆದರೆ ಔಷಧ ಕೊಡುವವರು, ರಾತ್ರಿ ಎರಡು ಗಂಟೆಗೆ ಉಸಿರಾಟದ ಏರುಪೇರು ಗಮನಿಸುವವರು ನರ್ಸ್‌ಗಳು. ಅವರು ಸಾಕಷ್ಟು ಸಂಖ್ಯೆಯಲ್ಲಿ, ಸರಿಯಾದ ಅರ್ಹತೆಯೊಂದಿಗೆ, ನಿರ್ಭಯವಾಗಿ ಕೆಲಸ ಮಾಡದ ಕಡೆ ಸನ್ನದಿನ ಯಾವ ಹಕ್ಕೂ ರೋಗಿಯ ಮಂಚದವರೆಗೆ ತಲುಪುವುದಿಲ್ಲ.

ಸುಪ್ರೀಂ ಕೋರ್ಟ್ 1998ರಲ್ಲಿ ತೀರ್ಪಿತ್ತ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣ ಇದಕ್ಕೆ ಸಾಕ್ಷಿ. ಟೈಫಾಯ್ಡ್ ಎಂದು ದಾಖಲಾಗಿದ್ದ ಮಗುವಿಗೆ ನರ್ಸ್ ಕೊಟ್ಟ ತಪ್ಪು ಇಂಜೆಕ್ಷನ್‌ನಿಂದ ಹೃದಯ ಸ್ತಂಭಿಸಿ, ಮಿದುಳಿಗೆ ಶಾಶ್ವತ ಹಾನಿಯಾಯಿತು. ಆಕೆ ಅರ್ಹ ನರ್ಸ್ ಆಗಿರಲೇ ಇಲ್ಲ. ನ್ಯಾಯಾಲಯ ಆಸ್ಪತ್ರೆಯನ್ನೇ ಹೊಣೆ ಮಾಡಿ, ಮಗುವಿಗೂ ತಂದೆತಾಯಿಗೂ ಪ್ರತ್ಯೇಕ ಪರಿಹಾರವನ್ನು ಎತ್ತಿಹಿಡಿಯಿತು. ಪರಿಹಾರ ಬಂದದ್ದು ಎಲ್ಲ ಮುಗಿದ ಮೇಲೆ. ಸೂಜಿ ಹಿಡಿದವರ ನೋಂದಣಿಯನ್ನು ಮೊದಲೇ ಕೇಳಿ ತಿಳಿಯುವ ದಾರಿ ಆ ತಂದೆತಾಯಿಗೆ ಇರಲಿಲ್ಲ. ಸಂಖ್ಯೆಯ ಮಾತೂ ಅಷ್ಟೇ ಮುಖ್ಯ. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಉಳಿದೆಡೆ ಐವರಿಗೆ ಒಬ್ಬ ನರ್ಸ್, ತೀವ್ರ ನಿಗಾ ಘಟಕದಲ್ಲಿ ಒಬ್ಬರಿಗೆ ಒಬ್ಬರು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಆದ್ದರಿಂದ ಆಯಾ ಪಾಳಿಯಲ್ಲಿರುವ ನರ್ಸ್‌ಗಳ ಸಂಖ್ಯೆ, ನೋಂದಣಿ ಸಂಖ್ಯೆ ಮತ್ತು ರೋಗಿಗಳ ಸಂಖ್ಯೆಯನ್ನು ವಾರ್ಡಿನ ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕುವುದನ್ನು ಕಡ್ಡಾಯಗೊಳಿಸಬೇಕು. ಸರ್ಕಾರಿ ಆಸ್ಪತ್ರೆಗಳಿಗೂ ಪ್ರತ್ಯೇಕ ಆದೇಶದ ಮೂಲಕ ಇದೇ ನಿಯಮ ಅನ್ವಯಿಸಬೇಕು.

ತಾಲ್ಲೂಕು ಮಟ್ಟದ ಸಣ್ಣ ನರ್ಸಿಂಗ್ ಹೋಮ್‌ಗಳು ಇದರಿಂದ ಮುಚ್ಚಿಹೋದಾವು ಎಂಬ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವು ಮುಚ್ಚಿದರೆ ಹಳ್ಳಿಯ ರೋಗಿಗೇ ಮೊದಲ ಪೆಟ್ಟು. ಹೀಗಾಗಿ ಮಾಹಿತಿ ಪ್ರಕಟಣೆ ತಕ್ಷಣ ಜಾರಿಯಾಗಲಿ, ಅದಕ್ಕೆ ಬೇಕಿರುವುದು ಒಂದು ಫಲಕವಷ್ಟೇ. ಪರಿಷತ್ತು ಹೇಳುವ ನರ್ಸ್-ರೋಗಿ ಅನುಪಾತದ ಪಾಲನೆಗೆ ಹಾಸಿಗೆಗಳ ಸಂಖ್ಯೆಗೆ ತಕ್ಕಂತೆ ಕಾಲಾವಕಾಶ ಕೊಡಲಿ. ನರ್ಸ್‌ಗಳೇ ಸಿಗುವುದಿಲ್ಲ ಎಂಬ ವಾದವನ್ನು ಮಾತ್ರ ಒಪ್ಪಲಾಗದು. ಇಷ್ಟೊಂದು ನರ್ಸಿಂಗ್ ಕಾಲೇಜುಗಳಿರುವ ರಾಜ್ಯದಲ್ಲಿ ಕೊರತೆಯಿರುವುದು ಗೌರವಯುತ ಸಂಬಳಕ್ಕೆ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಸಂಬಳ ಇರಬಾರದೆಂದು ಶಿಫಾರಸು ಮಾಡಿತ್ತು.

ಪ್ರಶ್ನಿಸಲು ಬಿಟ್ಟರೆ ವೈದ್ಯರ ಅಧಿಕಾರ ಕುಂದುತ್ತದೆ ಎಂಬ ಆಕ್ಷೇಪವೂ ಇದೆ. ಚೀಟಿಯಲ್ಲಿರುವ ಔಷಧದ ಪ್ರಮಾಣ ಸಂದೇಹಾಸ್ಪದವಾಗಿದ್ದರೆ ಮತ್ತೊಮ್ಮೆ ಕೇಳುವುದು ನರ್ಸ್‌ನ ಕರ್ತವ್ಯ. ಚಿಕಿತ್ಸೆಯ ತೀರ್ಮಾನ ಆಗಲೂ ವೈದ್ಯರದೇ. ತಪ್ಪಾದಾಗ ಆಕೆಯನ್ನು ಕಟಕಟೆಗೆ ತರುವ ವ್ಯವಸ್ಥೆ, ತಪ್ಪನ್ನು ತಡೆಯಲು ಬಾಯಿ ತೆರೆದಾಗ ಕೆಲಸದಿಂದ ತೆಗೆಯಲು ಅವಕಾಶ ಕೊಡುವುದು ಅನ್ಯಾಯ. ಲಿಖಿತವಾಗಿ ಸಂದೇಹ ದಾಖಲಿಸಿದ ನರ್ಸ್ ವಿರುದ್ಧ ಕ್ರಮ ಕೈಗೊಳ್ಳುವುದನ್ನೂ, ನರ್ಸ್‌ಗಳ ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಂಡು ದುಡಿಸುವುದನ್ನೂ ದಂಡನೀಯವಾಗಿಸಿ, ಅಂಥ ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವೇ ವಿಚಾರಿಸುವಂತೆ ನಿಯಮ ರೂಪಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಕೆಳಗೆ ಸಹಿ ಮಾಡಿರುವ ನಾಗರಿಕರು