ಮೊದಲು ಒಂಟೆಯನ್ನು ಕಟ್ಟೋಣ

1984ರಲ್ಲಿ ಬಂದ ಮಾರುತಿ ವ್ಯಾನ್, ಮುಂದೆ ಓಮ್ನಿ ಎಂಬ ಹೆಸರು ಪಡೆದು 2019ರವರೆಗೆ ತಯಾರಾಯಿತು. ನಮ್ಮ ಹುದಿಕೇರಿಯಂತಹ ಊರುಗಳಲ್ಲಿ ಹಳೆಯ ಓಮ್ನಿಯೆಂದರೆ ಮನೆಯ ಸದಸ್ಯನಿದ್ದಂತೆ. ಮದ್ರಸಕ್ಕೆ ಹೋಗುವ ಮಕ್ಕಳು, ಸಂತೆಯ ಸಾಮಾನು, ನಡುರಾತ್ರಿ ಆಸ್ಪತ್ರೆಗೆ ಹೊರಟ ಗರ್ಭಿಣಿ ಎಲ್ಲರಿಗೂ ಅದೇ ಆಸರೆ.

ಅದರ ಆರೈಕೆ ಗಂಡಸರ ಕೆಲಸವೆಂದು ಸುಮ್ಮನಿರಬೇಡಿ, ಸಹೋದರಿಯರೇ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗಿದೆ. ಸೀಟು ಎತ್ತಿದರೆ ಕಾಣುತ್ತದೆ. ವಾರಕ್ಕೊಮ್ಮೆ ಇಂಜಿನ್ ತಣ್ಣಗಿರುವಾಗ ಆಯಿಲ್, ರೇಡಿಯೇಟರ್ ನೀರು ನೋಡಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ. ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಕೊಡಗಿನ ಮಳೆಗೆ ಗಾಡಿಯ ದೊಡ್ಡ ಶತ್ರು ತುಕ್ಕು. ನೆಲದ ಮ್ಯಾಟ್ ಎತ್ತಿ ಒಣಗಿಸಿ. ಬಾಗಿಲಿನ ಅಡಿಯ ನೀರಿಳಿಯುವ ತೂತುಗಳಲ್ಲಿ ಕೆಸರು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ. ತುಕ್ಕಿನ ಚುಕ್ಕೆ ಕಂಡಾಗಲೇ ಉಜ್ಜಿ, ಪ್ರೈಮರ್ ಹಚ್ಚಿ ಬಣ್ಣ ಬಳಿದರೆ ದೊಡ್ಡ ಖರ್ಚು ತಪ್ಪುತ್ತದೆ. ಟಯರಿನ ಗೆರೆ 1.6 ಮಿಲಿಮೀಟರಿಗಿಂತ ಸವೆದಿದ್ದರೆ ಬದಲಿಸಲೇಬೇಕು. ಮಳೆಯಲ್ಲಿ ಅದು ಜಾರುತ್ತದೆ.

ಬ್ರೇಕ್ ಆಯಿಲ್ ಗುರುತಿಗಿಂತ ಇಳಿದಿದ್ದರೆ ಬರೇ ತುಂಬಿಸಿ ಸಮಾಧಾನಪಡಬೇಡಿ. ಲೈನಿಂಗ್ ಸವೆದಿರಬಹುದು, ಎಲ್ಲೋ ಸೋರುತ್ತಿರಬಹುದು. ಅದು ಮೆಕ್ಯಾನಿಕ್‌ನ ಕೆಲಸ. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ನುಸುಳಲು ಯಾರನ್ನೂ ಬಿಡಬೇಡಿ.

ದುಂದುವೆಚ್ಚ ಇಸ್ಲಾಮಿಗೆ ಇಷ್ಟವಿಲ್ಲ, ನಿಜ. ಆದರೆ ಬ್ರೇಕ್ ರಿಪೇರಿಯನ್ನು ಮುಂದಿನ ತಿಂಗಳಿಗೆ ತಳ್ಳುವುದು ಮಿತವ್ಯಯವಲ್ಲ. ಗಾಡಿಯಲ್ಲಿ ಕೂರುವ ಪ್ರತಿ ಜೀವವೂ ನಮ್ಮ ಕೈಯಲ್ಲಿರುವ ಅಮಾನತ್ತು. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನಲ್ಲಿ ಭರವಸೆಯಿಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಇಳಿಜಾರಿನ ದಾರಿಯಲ್ಲಿ ಬಿಸ್ಮಿ ಹೇಳಿ ಹೊರಡುವ ಮುನ್ನ ಬ್ರೇಕ್ ಒಮ್ಮೆ ಒತ್ತಿ ನೋಡುವುದೂ ತವಕ್ಕುಲ್‌ನ ಭಾಗವೇ.