ಹನೌಮಾದ ನೀಲಿ ಬೋಗುಣಿ
ರಜೆಗೆಂದು ಹವಾಯಿಯ ಓವಾಹು ದ್ವೀಪಕ್ಕೆ ಹೋದವರು ಹನೌಮಾ ಕೊಲ್ಲಿಗೆ ಇಳಿಯದೆ ಬರಬಾರದು. ಹಳೆಯ ಜ್ವಾಲಾಮುಖಿಯ ಬಾಯಿಯ ಒಂದು ಮಗ್ಗುಲನ್ನು ಕಡಲು ಒಡೆದು ಒಳನುಗ್ಗಿದ್ದರಿಂದ ಆದ ಕೊಲ್ಲಿ ಇದು. ಮೇಲಿನಿಂದ ನೋಡಿದರೆ ನೀಲಿ ನೀರು ತುಂಬಿದ ಬೋಗುಣಿ. ಮೊದಲ ಸಲ ಬಂದವರು ಕೆಳಗಿಳಿಯುವ ಮುನ್ನ ಒಂದು ಕಿರುಚಿತ್ರ ನೋಡಲೇಬೇಕು. ಹವಳ ಕಲ್ಲಲ್ಲ, ಜೀವ, ಅದರ ಮೇಲೆ ಕಾಲೂರಬೇಡಿ ಎಂಬುದೇ ಅದರ ತಿರುಳು. ಸ್ನಾರ್ಕೆಲ್ ಕಚ್ಚಿಕೊಂಡು ನೀರಿನಲ್ಲಿ ಮುಖ ತಗ್ಗಿಸಿದ್ದೇ ತಡ, ಕಿವಿಗೆ ಕರಕರ ಸದ್ದು! ಗಿಳಿಮೀನು, ಅಲ್ಲಿಯವರ ಮಾತಿನಲ್ಲಿ ಉಹು, ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆ ಕೆರೆದು ಪಾಚಿ ತಿನ್ನುತ್ತಿರುತ್ತದೆ. ಜೊತೆಗೆ ನುಂಗಿದ ಸುಣ್ಣದ ಚೂರನ್ನು ಗಂಟಲಲ್ಲೇ ಅರೆದು ಬಿಳಿ ಮರಳಾಗಿ ಹೊರಹಾಕುತ್ತದೆ. ಹವಾಯಿಯ ತೀರಗಳಲ್ಲಿ ನಾವು ಟವೆಲ್ ಹಾಸುವ ಮರಳಿನಲ್ಲಿ ಈ ಮೀನಿನ ದುಡಿಮೆಯೂ ಇದೆ. 1967ರಲ್ಲೇ ಸಂರಕ್ಷಿತ ತಾಣವಾದರೂ ಹಿಂದೆ ಜನ ಇಲ್ಲಿ ಮೀನುಗಳಿಗೆ ಬ್ರೆಡ್ಡು, ಬಟಾಣಿ ಎಸೆಯುತ್ತಿದ್ದರು. ಈಗ ಅದಕ್ಕೆ ನಿಷೇಧವಿದೆ. ಹವಳಕ್ಕೆ ಕೆಡುಕೆಂದು ಆಕ್ಸಿಬೆಂಜೋನ್ ಇರುವ ಸನ್‌ಸ್ಕ್ರೀನನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬ ಕಾನೂನು 2021ರಿಂದ ಹವಾಯಿಯಲ್ಲಿ ಜಾರಿಯಲ್ಲಿದೆ. ಈ ಕಟ್ಟಳೆಗಳು ಅತಿಯಲ್ಲ: 2020ರಲ್ಲಿ ಕೋವಿಡ್ ಕಾರಣಕ್ಕೆ ತಿಂಗಳುಗಟ್ಟಲೆ ಜನರನ್ನು ಬಿಡದಿದ್ದಾಗ ಕೊಲ್ಲಿಯ ನೀರು ಎದ್ದುಕಾಣುವಷ್ಟು ತಿಳಿಯಾಗಿತ್ತು. ಹೋಗುವವರು ತುಂಬುತೋಳಿನ ಈಜಂಗಿ ಒಯ್ಯಿರಿ, ಕ್ರೀಮಿನ ಅಗತ್ಯ ಅಷ್ಟು ಕಡಿಮೆಯಾಗುತ್ತದೆ. ಸೋಮವಾರ, ಮಂಗಳವಾರ ಕೊಲ್ಲಿಗೆ ಪ್ರವೇಶವಿಲ್ಲ.