ಕೆರೆಯ ದಂಡೆಯಲ್ಲಿ ಒಂದು ಪಾಠ

ಕಳೆದ ಆದಿತ್ಯವಾರ ಪ್ರಾತಃಕಾಲದಲ್ಲಿ ಮೊಮ್ಮಗನೊಡನೆ ತೋಡಾರಿನಿಂದ ಮೂಡುಬಿದಿರೆಯ ಕಡಲಕೆರೆಗೆ ಹೋಗಿದ್ದೆವು. ಅಮರಕೋಶದ ಕಾಸಾರ, ತಡಾಗ, ಪಲ್ವಲಗಳನ್ನು ಬಹುಕಾಲ ಬಾಯಿಪಾಠ ಮಾಡಿಸಿದವರು ನಾವು. ಆದರೆ ಒಂದು ದಿನವಾದರೂ ಮಕ್ಕಳನ್ನು ಕೆರೆಯ ದಂಡೆಗೆ ಕರೆದೊಯ್ದವರಲ್ಲ.

“ಅಜ್ಜಾ, ಅನೂಪವೆಂದರೆ ಯಾವುದು?” ಎಂದು ಹುಡುಗನು ಕೇಳಲು, ದಾರಿಯ ಬೈಲುಗದ್ದೆಯನ್ನು ತೋರಿಸಿದೆವು. ಬೆಟ್ಟಿನ ಮಳೆನೀರು ಮಜಲಿಗಿಳಿದು ಬೈಲಿನಲ್ಲಿ ನಿಲ್ಲುವುದು. ಅಲ್ಲಿ ಇಂಗಿದ ನೀರು ನಮ್ಮ ಬಾವಿಗಳಿಗೆ ಆಧಾರ. ಬೈಲಿಗೆ ಮಣ್ಣು ತುಂಬಿಸಿದರೆ ಬೆಳ್ಳಕ್ಕಿಯೊಡನೆ ಬಾವಿಯ ನೀರೂ ದೂರವಾಗುವುದು.

ಇಂಗ್ಲೆಂಡಿನ ಜನರಿಗೆ ಕೆರೆ, ಜೌಗುಗಳತ್ತ ನಡೆದುಹೋಗಿ ಹಕ್ಕಿಗಳನ್ನು ನೋಡುವ ವಾಡಿಕೆಯುಂಟು. ಕೇಂಬ್ರಿಜ್ ಸೀಮೆಯ ವಿಕೆನ್ ಎಂಬ ಜೌಗಿನಲ್ಲಿ 2 ಎಕರೆ ನೆಲವನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು 1899ರಲ್ಲಿಯೇ ಕೊಂಡು ರಕ್ಷಿಸತೊಡಗಿತು. ಪತಂಗಗಳನ್ನರಸಿ ಅಲ್ಲಿಗೆ ಹೋಗುತ್ತಿದ್ದವರು ಅದರ ಬೆಲೆಯನ್ನು ಮೊದಲೇ ಅರಿತಿದ್ದರು. ನೋಡುವವರಿದ್ದಲ್ಲಿ ಕಾಯುವವರೂ ಹುಟ್ಟುವರಷ್ಟೆ.

ಮೂಡುಬಿದಿರೆಯಲ್ಲಿ 18 ಬಸದಿ, 18 ದೇವಸ್ಥಾನ, 18 ಕೆರೆಗಳೆಂಬ ಪ್ರತೀತಿಯುಂಟು. ಬಸದಿಗಳನ್ನು ನೋಡಲು ದೂರದಿಂದ ಜನರು ಬರುವರು. ಕೆರೆಗಳ ಹೆಸರುಗಳನ್ನಾದರೂ ನಮ್ಮ ಮಕ್ಕಳು ಬಲ್ಲರೆ?

ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಬಿಡುವಿನ ದಿನ ಬೆಳಗ್ಗೆ ಮಕ್ಕಳೊಡನೆ ಸಮೀಪದ ಕೆರೆಗೆ ನಡೆದುಹೋಗಿರಿ. ಮೆಲ್ಲನೆ ಮಾತನಾಡಿರಿ, ತಿಂಡಿಯ ಪೊಟ್ಟಣಗಳನ್ನು ಮನೆಗೇ ಮರಳಿ ತನ್ನಿರಿ. ಮಿಂಚುಳ್ಳಿಯು ನೀರಿಗೆರಗಿ ಮೀನನ್ನು ಕಚ್ಚಿಕೊಂಡೇಳುವುದನ್ನು ಒಮ್ಮೆ ನೋಡಿದ ಮಗುವು ಆ ಕೆರೆಯನ್ನು ಮರೆಯಲಾರದು. ನಾವು ತರಗತಿಯಲ್ಲಿ ಕಲಿಸದೆ ಬಿಟ್ಟ ಪಾಠವಿದು.